ಪೌತಿ ಖಾತೆ

ಅರಸೀಕೆರೆ ತಾಲ್ಲೂಕು ಕಚೇರಿಯಲ್ಲಿ
ನಾನೇ ಎಲ್ಲರಿಗಿಂತ ಚಿಕ್ಕವಳು.
ಬರುವ ಶ್ರಾವಣಕ್ಕೆ ತೊಂಬತ್ತೊಂದು ತುಂಬುತ್ತದೆ.
'ಮಗು, ಒಂದು ಲೋಟ ನೀರು' ಅನ್ನುತ್ತಾರೆ ಶಿರಸ್ತೇದಾರರು.
ಕೊಡುತ್ತೇನೆ.
ಅರವತ್ತು ವರ್ಷದಿಂದ ಕೊಡುತ್ತಿದ್ದೇನೆ.

ಹತ್ತೂವರೆಗೆ ಕಿಟಕಿ ತೆರೆದರೆ ಹೊರಗೆ ಸಾಲು,
ಸಾಲಿನ ತುಂಬ ಮಕ್ಕಳು:
ಎಂಬತ್ತು ದಾಟಿದವರು, ನೂರಾಮೂರರವರು,
ಕೈಯಲ್ಲಿ ಬೆವರಿಗೆ ಮೆತ್ತಗಾದ ಅರ್ಜಿ.
ಪಹಣಿಯ ಒಂಬತ್ತನೇ ಕಲಮಿನಲ್ಲಿ
ನನ್ನ ಹೆಸರು ಯಾವಾಗ ಮೇಡಂ?

ನಾನೇನು ಹೇಳಲಿ.
ವಂಶಾವಳಿ ಬರೆಯಲು ಕೂತರೆ ಕಾಗದ ಸಾಲದು,
ಕೆಳಗೆ ಇನ್ನೊಂದು ಹಾಳೆ ಅಂಟಿಸಬೇಕು.
ಹಿಂದೆಲ್ಲ ಮೇಲಿನ ಹೆಸರುಗಳ ಪಕ್ಕ
'ಮೃತ' ಎಂದು ಸಣ್ಣಗೆ ಬರೆದು ಗೆರೆ ಎಳೆಯುತ್ತಿದ್ದರಂತೆ;
ಕೆಳಗಿನವರು ಆ ಗೆರೆಯಿಂದ ಶುರುವಾಗುತ್ತಿದ್ದರಂತೆ.
ಈಗ ಎಲ್ಲರೂ ಇದ್ದಾರೆ.
ಮುತ್ತಜ್ಜ ಬೈಕಿನಲ್ಲಿ ಬಂದು ಖುದ್ದು ತಕರಾರು ಹಾಕುತ್ತಾನೆ.

ಬಾಣಾವರದ ಕಡೆಯ ದ್ಯಾವೀರೇಗೌಡ
ತೆಂಗಿನ ಸಸಿ ನೆಟ್ಟಿದ್ದು ಮೊಮ್ಮಕ್ಕಳಿಗೆ ಅಂತ.
ಮರವಾಯಿತು, ಕಾಯಿ ಕೊಟ್ಟಿತು,
ಸುಳಿ ಒಣಗಿ ಒಂದು ದಿನ ಬಿತ್ತು.
ಗೌಡ ಅದೇ ಗುಂಡಿಗೆ ಇನ್ನೊಂದು ಸಸಿ ಇಟ್ಟ.
ಅದೂ ಮುದಿಯಾಗುತ್ತಿದೆ.
ಮೊಮ್ಮಗ ಅದೇ ತೋಟದಲ್ಲಿ ಕೂಲಿ,
ವಾರಕ್ಕೊಮ್ಮೆ ಅಜ್ಜನ ಕೈಯಿಂದ ಬಟವಾಡೆ.

ಹಗೆಗೂ ಆಯುಸ್ಸು ಬಂದಿದೆ.
ಒಂದೂವರೆ ಅಡಿ ಬದುವಿಗಾಗಿ ಅಣ್ಣತಮ್ಮ
ತೊಂಬತ್ತನಾಲ್ಕು ವರ್ಷದಿಂದ ಕೋರ್ಟಿಗೆ ಬರುತ್ತಾರೆ,
ಒಂದೇ ಬಸ್ಸಿನಲ್ಲಿ, ಹಿಂದೊಬ್ಬ ಮುಂದೊಬ್ಬ.
ಮೊದಲಾದರೆ ಇಬ್ಬರೂ ತೀರಿಕೊಂಡು
ಮಕ್ಕಳು ಒಂದು ಟೀ ಕುಡಿದು ರಾಜಿಯಾಗುತ್ತಿದ್ದರು.

ಬೀರುವಿನ ಕೆಳಗಿನ ಅರೆಯಲ್ಲಿ
ಕೆಂಪು ಕ್ಯಾಲಿಕೋ ರಟ್ಟಿನ ಪುಸ್ತಕವೊಂದಿದೆ,
ನಮ್ಮ ಹೋಬಳಿಯ ಪೌತಿ ಖಾತೆ.
ನಾನು ಬಂದ ಮೇಲೆ ತೆರೆದದ್ದು ಹನ್ನೊಂದು ಸಲ.

ಮೊನ್ನೆ ಮಂಗಳವಾರ ಹನ್ನೆರಡನೆಯದು.
ಅಕ್ಕಯ್ಯಮ್ಮ ಅಂತ, ನೂರ ಹನ್ನೆರಡರ ಹುಡುಗಿ.
'ನಮ್ಮವ್ವ ಅಟ್ಟದಿಂದ ಬಿದ್ಬುಟ್ಲು ಕಣವ್ವ.
ಕೊಬ್ಬರಿ ನೋಡಾನ ಅಂತ ಹತ್ತಿದ್ಲು, ಏಣಿ ಜಾರ್ತು.'
ಔಷಧಿಗೆ ಮುಪ್ಪು ಗೊತ್ತು,
ಏಣಿ ಗೊತ್ತಿಲ್ಲ.

'ಹನ್ನೊಂದನೇ ದಿನಕ್ಕೆ ಏನೇನ್ ಮಾಡ್ತಾರೆ?
ನಮ್ಮೂರಲ್ಲಿ ಕಂಡೋರೆಲ್ಲ ಮರ್ತವ್ರೆ.'
ನನಗೂ ಗೊತ್ತಿರಲಿಲ್ಲ.
ಫಾರಂ ಎಷ್ಟನೆಯದೆಂದು ಮಾತ್ರ ಗೊತ್ತಿತ್ತು.

ಹೆಣ ಎತ್ತುವ ಮೊದಲೇ ಜನ ಕೂಡಿದರಂತೆ.
ಹಾಲಿನ ಸೊಸೈಟಿಯಲ್ಲಿ ಅವ್ವ ಕೂರುತ್ತಿದ್ದ ಕುರ್ಚಿಗೆ ಎಂಟು ಜನ,
ಮನೆ ಹಿಂದಿನ ಮೂರು ಗುಂಟೆಗೆ ಹದಿನಾಲ್ಕು.
ಅತ್ತವರೆಷ್ಟು ಅಂತ ಅವಳು ಹೇಳಲಿಲ್ಲ,
ನಾನು ಕೇಳಲಿಲ್ಲ.
'ನಿನ್ನ ಅದೃಷ್ಟ ಬಿಡು' ಅಂದಳಂತೆ ಒಬ್ಬ ಗೆಳತಿ,
ತಬ್ಬಿಕೊಂಡು, ನಿಜವಾದ ಪ್ರೀತಿಯಿಂದ.

ಕೈಚೀಲದಿಂದ ಒಂದು ಕಾಯಿ ತೆಗೆದು
ನನ್ನ ಕಿವಿಯ ಹತ್ತಿರ ಅಲುಗಿಸಿದಳು.
ಒಳಗೆ ಗಡಗಡ.
'ಅವ್ವ ಅಟ್ಟಕ್ಕೆ ಹಾಕಿದ್ದು, ಹೋದ ವರ್ಷ.
ನೀರು ಬತ್ತಿ ಚಿಪ್ಪು ಬಿಟ್ಟೈತೆ ನೋಡು.'
ಮೇಜಿನ ಮೇಲಿಟ್ಟು ಸುಮ್ಮನಾದಳು.

ಬರೆದೆ: ಸಣ್ಣತಾಯಮ್ಮ, ನೂರ ನಲವತ್ತೊಂಬತ್ತು, ಪೌತಿ.
ಕಚೇರಿಯೆಲ್ಲ ಎದ್ದು ಬಂದು ಸುತ್ತ ನಿಂತಿತ್ತು,
ಸ್ಕೇಲ್ ಹಿಡಿದ ನನ್ನ ಕೈ ನಡುಗಿತು.
ಪಾಪ, ದುಃಖಕ್ಕೆ ಅಂದರು ಯಾರೋ.
ಗೆರೆ ಎಳೆಯುವುದು ಇಷ್ಟು ಹಗುರ ಅಂತ
ನನಗೆ ಯಾರೂ ಹೇಳಿರಲಿಲ್ಲ.

ಸಂಜೆ ಐದೂವರೆ. ಆಗತಾನೇ ಮೆಟ್ಟಿಲು ಒರೆಸಿದ್ದರು.
ಶಿರಸ್ತೇದಾರರು ಕೊಡೆ ಹಿಡಿದು ಇಳಿಯುತ್ತಿದ್ದರು,
ನೂರ ಅರವತ್ತು ವರ್ಷದ ಗಟ್ಟಿ ಕಾಲು,
ಸವೆದ ಚಪ್ಪಲಿ.
ನಾನು ಮೇಲೆ ನಿಂತು ನೋಡುತ್ತಿದ್ದೆ.
'ಜೋಪಾನ ಸಾರ್, ಒದ್ದೆಯಿದೆ' ಅಂದೆ.
ಅವರು ಆಗಲೇ ಕೆಳಗೆ ತಲುಪಿದ್ದರು.
ತಿರುಗಿ ನೋಡಿ ನಕ್ಕರು,
'ಒಳ್ಳೇದು ಮಗು.'